ಹೊಟ್ಟೆಯ ಮದ್ದು ಮತ್ತು ಅದರ ಮಿತಿ: ಬಿಜಾಪುರದ ಹಕೀಮರಿಂದ ನಮ್ಮ ಅಡುಗೆಮನೆಯವರೆಗೆ

ಬಕ್ರೀದ್ ಹಬ್ಬದ ಮರುದಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲಿಯೇ ಆಗಲಿ, ನಮ್ಮ ಮನೆಗಳಲ್ಲಿ ಬೆಳಗಾಗುತ್ತಲೇ ಹುಡುಕುವುದು ಅಜವಾನದ ಡಬ್ಬಿಯನ್ನು. ಯಾರಿಗೋ ಹೊಟ್ಟೆ ಉಬ್ಬರ, ಯಾರಿಗೋ ಎದೆಯುರಿ, ಮತ್ತೊಬ್ಬರಿಗೆ ಹುಳಿತೇಗು. ದಾದಿ ಒಂದು ಚಿಟಿಕೆ ಅಜವಾನ, ಒಂದಿಷ್ಟು ಸೈಂಧವ ಉಪ್ಪು ಅಂಗೈಗೆ ಹಾಕಿ, "ಬಿಸ್ಮಿಲ್ಲಾ ಅಂದು ಅಗಿದು ನುಂಗು, ಮೇಲೆ ಬಿಸಿನೀರು ಕುಡಿ" ಅನ್ನುತ್ತಾರೆ. ಅರ್ಧ ಗಂಟೆಯಲ್ಲಿ ಹೊಟ್ಟೆ ಹಗುರಾಗುತ್ತದೆ. ಇದು ನಾವೆಲ್ಲ ಬಲ್ಲ ಮಾತು.

ಆದರೆ ನಾವು ಬಲ್ಲ ಇನ್ನೊಂದು ಸಂಗತಿಯೂ ಇದೆ. ನಮ್ಮ ಪರಿಚಯದ ಹಿರಿಯರೊಬ್ಬರಿಗೆ ಹಬ್ಬದ ರಾತ್ರಿ ಎದೆಯಲ್ಲಿ ಉರಿ, ಬಿಗಿತ ಶುರುವಾಯಿತು. ಮೈ ಬೆವರುತ್ತಿತ್ತು. ಮನೆಯವರು "ಗ್ಯಾಸ್ ಆಗಿದೆ" ಎಂದರು. ಅಜವಾನ ಕೊಟ್ಟರು, ಸೋಡಾ ಕುಡಿಸಿದರು, ಬೆನ್ನು ತಿಕ್ಕಿದರು. ಅವರೂ "ಸ್ವಲ್ಪ ಕಡಿಮೆಯಾಗಿದೆ" ಎಂದು ಮಲಗಿದರು. ಫಜ್ರ್ ಹೊತ್ತಿಗೆ ಉಸಿರು ಏರತೊಡಗಿತು. ಗಾಡಿ ಹುಡುಕಿ ಮಿರಜಿನ ದಾರಿ ಹಿಡಿಯುವಷ್ಟರಲ್ಲಿ ಅವರು ಅಲ್ಲಾಹನ ಸನ್ನಿಧಿ ಸೇರಿಯಾಗಿತ್ತು. ಅದು ಗ್ಯಾಸ್ ಆಗಿರಲಿಲ್ಲ, ಹೃದಯಾಘಾತವಾಗಿತ್ತು.

ತಪ್ಪು ಅಜವಾನದ್ದೇ? ಅಲ್ಲ. ಅಜವಾನ ತನ್ನ ಕೆಲಸ ಬಲ್ಲದು. ಅದರ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಮರೆತವರು ನಾವು. ನಮ್ಮ ಹಿರಿಯರಿಂದ ಮದ್ದು ನಮಗೆ ಬಂತು, ಮದ್ದಿನ ಜೊತೆಗಿದ್ದ ಮಿತಿಯ ತಿಳಿವಳಿಕೆ ದಾರಿಯಲ್ಲಿ ಎಲ್ಲೋ ಕಳೆದುಹೋಯಿತು. ಆದ್ದರಿಂದ ಈ ತಿಂಗಳು ನಾವು ಈ ಮದ್ದುಗಳ ಚರಿತ್ರೆಯನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಪ್ರವಾದಿ(ಸ)ಯವರ ಕಾಲದಿಂದ

ಹೊಟ್ಟೆಯ ಆರೋಗ್ಯದ ಬಗ್ಗೆ ಇಸ್ಲಾಮ್ ಕಲಿಸಿದ ಮೊದಲ ಪಾಠ ಔಷಧವಲ್ಲ, ಮಿತಾಹಾರ. ತಿನ್ನಿರಿ, ಕುಡಿಯಿರಿ, ಆದರೆ ಮಿತಿ ಮೀರಬೇಡಿ ಎಂಬ ಆಶಯ ಪವಿತ್ರ ಕುರ್‌ಆನಿನ 7ನೇ ಅಧ್ಯಾಯದಲ್ಲಿದೆ. ಹೊಟ್ಟೆಯಲ್ಲಿ ಮೂರನೇ ಒಂದು ಪಾಲು ಊಟಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಎಂಬ ಪ್ರವಾದಿ ಬೋಧನೆಯನ್ನು ನಾವು ಖುತ್ಬಾಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಕೇಳಿದಷ್ಟು ಪಾಲಿಸಿದ್ದರೆ ಅಜವಾನದ ಡಬ್ಬಿ ಇಷ್ಟು ಬೇಗ ಖಾಲಿಯಾಗುತ್ತಿರಲಿಲ್ಲ.

ಎರಡನೇ ಪಾಠ, ಕಾಯಿಲೆಗೆ ಔಷಧ ಮಾಡಬೇಕೆಂಬುದು. ಒಬ್ಬ ಸಹಾಬಿ ತನ್ನ ಸಹೋದರನ ಹೊಟ್ಟೆನೋವಿನ ದೂರು ತಂದಾಗ ಪ್ರವಾದಿ(ಸ)ಯವರು ಜೇನು ಕೊಡಲು ಹೇಳಿದ ಪ್ರಸಂಗ ಬುಖಾರಿ ಸಂಗ್ರಹದಲ್ಲಿದೆ. ರೋಗಿಗಳಿಗೂ ದುಃಖದಲ್ಲಿರುವವರಿಗೂ 'ತಲ್‌ಬೀನಾ' ಎಂಬ ಜವೆಗೋಧಿಯ ತೆಳು ಗಂಜಿಯನ್ನು ಹಝ್ರತ್ ಆಯಿಶಾ(ರ) ಮಾಡಿಸುತ್ತಿದ್ದರು. ನಮ್ಮಲ್ಲಿ ಹೊಟ್ಟೆ ಕೆಟ್ಟಾಗ ಜೋಳದ ಅಂಬಲಿಯೋ ಅಕ್ಕಿಗಂಜಿಯೋ ಮಾಡಿಕೊಡುವ ಹಾಗೆಯೇ ಅದು. ಶುಂಠಿಯ ಹೆಸರಂತೂ ಕುರ್‌ಆನಿನಲ್ಲೇ ಬಂದಿದೆ. 76ನೇ ಅಧ್ಯಾಯದಲ್ಲಿ ಸ್ವರ್ಗದ ಪಾನೀಯದ ವರ್ಣನೆಯಲ್ಲಿ 'ಝಂಜಬೀಲ್' ಎಂದರೆ ಶುಂಠಿಯೇ.

ಮೂರನೇ ಪಾಠವನ್ನು ನಾವು ಕಡಿಮೆ ನೆನೆಯುತ್ತೇವೆ. ಸಅದ್ ಬಿನ್ ಅಬೀ ವಕ್ಕಾಸ್(ರ) ಅಸ್ವಸ್ಥರಾಗಿದ್ದಾಗ ಪ್ರವಾದಿ(ಸ)ಯವರು ನೋಡಲು ಬಂದರು. ಎದೆಯ ಮೇಲೆ ಕೈಯಿಟ್ಟರು. ಇದು ಹೃದಯದ ಬೇನೆ ಎಂದು ಹೇಳಿ, ಸಕೀಫ್ ಗೋತ್ರದ ಹಾರಿಸ್ ಬಿನ್ ಕಲದಾ ಎಂಬ ವೈದ್ಯನ ಬಳಿ ಹೋಗಲು ಸೂಚಿಸಿದರು. ಜೊತೆಗೆ ಮದೀನಾದ ಅಜ್ವಾ ಖರ್ಜೂರದ ಮದ್ದನ್ನೂ ಹೇಳಿದರು. ಅಬೂದಾವೂದ್ ಸಂಗ್ರಹದಲ್ಲಿರುವ ಈ ವರದಿಯ ಸನದಿನ ಬಗ್ಗೆ ಹದೀಸ್ ವಿದ್ವಾಂಸರಲ್ಲಿ ಚರ್ಚೆ ಇದೆ. ಆದರೂ ಅದರ ಪಾಠ ಸ್ಪಷ್ಟ. ಮನೆಮದ್ದು ಇದೆ ಎಂದು ವೈದ್ಯನನ್ನು ಬಿಡಲಿಲ್ಲ, ವೈದ್ಯನಿದ್ದಾನೆಂದು ಮನೆಮದ್ದನ್ನೂ ತಳ್ಳಲಿಲ್ಲ. ವೈದ್ಯವಿದ್ಯೆ ತಿಳಿಯದೆ ಚಿಕಿತ್ಸೆ ಮಾಡುವವನು ಅದರ ಹಾನಿಗೆ ಹೊಣೆಗಾರ ಎಂಬ ಇನ್ನೊಂದು ವರದಿಯೂ ಅದೇ ಸಂಗ್ರಹದಲ್ಲಿದೆ. ಹಬ್ಬದ ರಾತ್ರಿ ನಮ್ಮ ಹಿರಿಯರ ಎದೆಯ ಮೇಲೆ ಕೈಯಿಟ್ಟವರಿಗೆ ಇದು ನೆನಪಿದ್ದಿದ್ದರೆ!

ಹೆಸರುಗಳೇ ಹೇಳುವ ಚರಿತ್ರೆ

ನಮ್ಮ ಮನೆಯ ಮಾತಿನಲ್ಲಿ ಅಜೀರ್ಣಕ್ಕೆ 'ಬದ್‌ಹಜ್ಮಿ', ಮಲಬದ್ಧತೆಗೆ 'ಖಬ್ಜ್' ಎನ್ನುತ್ತೇವೆ. ಈ ಮಾತುಗಳು ಅರಬಿ, ಪಾರ್ಸಿ ವೈದ್ಯಗ್ರಂಥಗಳಿಂದ ಇಳಿದು ಬಂದವು. ಅಜವಾನಕ್ಕೆ ಪಾರ್ಸಿಯಲ್ಲಿ 'ನಾನ್‌ಖ್ವಾಹ್' ಎಂಬ ಹೆಸರಿದೆ. ನಾನ್ ಎಂದರೆ ರೊಟ್ಟಿ, ಖ್ವಾಹ್ ಎಂದರೆ ಬೇಡುವಂಥದ್ದು. ತಿಂದರೆ ಹಸಿವಾಗಿ ರೊಟ್ಟಿ ಬೇಡುವ ಹಾಗೆ ಮಾಡುವ ಕಾಳು! ಇಸಬ್‌ಗೋಲ್ ಕೂಡ ಪಾರ್ಸಿ ಹೆಸರೇ. ಬೀಜದ ಆಕಾರ ನೋಡಿ 'ಕುದುರೆಯ ಕಿವಿ' ಎಂಬ ಅರ್ಥದಲ್ಲಿ ಹಾಗೆ ಕರೆದರು.

ಹಕೀಮರ ಅಂಗಡಿಯಲ್ಲಿ ಇಂದಿಗೂ ಸಿಗುವ 'ಜವಾರಿಶ್ ಕಮೂನಿ'ಯನ್ನು ನೋಡಿ. 'ಗುವಾರಿಶ್' ಎಂಬ ಪಾರ್ಸಿ ಮಾತು ಅರಬರ ಬಾಯಲ್ಲಿ ಜವಾರಿಶ್ ಆಯಿತು. ಅರ್ಥ, ಪಚನಕ್ಕೆ ನೆರವಾಗುವ ಲೇಹ್ಯ. ಕಮೂನ್ ಎಂದರೆ ಅರಬಿಯಲ್ಲಿ ಜೀರಿಗೆ. ವಿನೆಗರಿನಲ್ಲಿ ನೆನೆಸಿ ಒಣಗಿಸಿ ಹುರಿದ ಜೀರಿಗೆ, ಒಣಶುಂಠಿ, ಕರಿಮೆಣಸು, ಸುದಾಬಿನ ಎಲೆ, ಸ್ವಲ್ಪ ಕ್ಷಾರ, ಇವುಗಳನ್ನು ಜೇನು ಅಥವಾ ಸಕ್ಕರೆಯ ಪಾಕದಲ್ಲಿ ಕೂಡಿಸಿ ಮಾಡುತ್ತಾರೆ. ಹೊಟ್ಟೆಯ ವಾಯು ಒಡೆಯುವ ಇಂಥ ಮದ್ದುಗಳಿಗೆ ಯುನಾನಿಯಲ್ಲಿ 'ಕಾಸಿರೆ ರಿಯಾಹ್' ಎನ್ನುತ್ತಾರೆ. ಇಬ್ನ್ ಸೀನಾ (980–1037) ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಇಂಥ ಒಂದೊಂದು ವಸ್ತುವಿನ ಗುಣವನ್ನೂ ಬರೆದಿಟ್ಟರು.

ಆದರೆ ಈ ಜ್ಞಾನ ಒಂದೇ ಕಡೆಯಿಂದ ಬಂದದ್ದಲ್ಲ. 850ರ ಹೊತ್ತಿಗೆ ಅಲೀ ಬಿನ್ ರಬ್ಬನ್ ಅತ್ತಬರಿ ಬರೆದ 'ಫಿರ್ದೌಸುಲ್ ಹಿಕ್ಮಾ' ಗ್ರಂಥದ ಕೊನೆಯ ಭಾಗ ಪೂರ್ತಿ ಭಾರತೀಯ ವೈದ್ಯದ ಕುರಿತದ್ದು. ನಮ್ಮ ದೇಶದ ವೈದ್ಯರ ತಿಳಿವಳಿಕೆ ಬಗ್ದಾದಿಗೆ ಹೋಗಿ, ಅಲ್ಲಿಂದ ಯುನಾನಿ ವೈದ್ಯದ ಜೊತೆ ಸೇರಿ ಮತ್ತೆ ದಖ್ಖನಿಗೆ ಬಂತು. ಹೋದದ್ದು ಒಂದು ರೂಪದಲ್ಲಿ, ಮರಳಿದ್ದು ಇನ್ನೊಂದು ರೂಪದಲ್ಲಿ.

ಬೀದರ್‌ನ ಆಸ್ಪತ್ರೆ, ಬಿಜಾಪುರದ ಹಕೀಮ

ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ (ಆಳ್ವಿಕೆ 1436–1458) ಬೀದರಿನಲ್ಲಿ ಒಂದು ದಾರುಶ್ಶಿಫಾ ಅಂದರೆ ಆಸ್ಪತ್ರೆ ಕಟ್ಟಿಸಿದ. ಬಡ ರೋಗಿಗಳ ಔಷಧ, ಆಹಾರದ ಖರ್ಚಿಗೆ ಹಳ್ಳಿಗಳ ಆದಾಯವನ್ನು ಬಿಟ್ಟುಕೊಟ್ಟ. ಅಲ್ಲಿ ಮುಸ್ಲಿಮ್ ಹಕೀಮರ ಜೊತೆ ಹಿಂದೂ ವೈದ್ಯರನ್ನೂ ನೇಮಿಸಿದ್ದ.

ಈ ಸಂಗತಿ ಬರೆದಿಟ್ಟವರಲ್ಲಿ ಒಬ್ಬರು ಇತಿಹಾಸಕಾರ ಮುಹಮ್ಮದ್ ಕಾಸಿಮ್ ಫಿರಿಶ್ತಾ. ಕ್ಯಾಸ್ಪಿಯನ್ ಸಮುದ್ರದ ದಡದ ಅಸ್ತರಾಬಾದಿನಲ್ಲಿ ಹುಟ್ಟಿ, ಚಿಕ್ಕವರಿದ್ದಾಗಲೇ ಅಹ್ಮದ್‌ನಗರಕ್ಕೆ ಬಂದು, 1589ರಲ್ಲಿ ಬಿಜಾಪುರ ಸೇರಿದರು. ಎರಡನೇ ಇಬ್ರಾಹೀಮ್ ಆದಿಲ್ ಶಾಹ (ಆಳ್ವಿಕೆ 1580–1627) ಅವರಿಗೆ ಆಶ್ರಯ ಕೊಟ್ಟ. ಆಗ ಅಥಣಿ, ರಾಯಬಾಗ, ಚಿಕ್ಕೋಡಿಯ ಈ ಸೀಮೆಯೆಲ್ಲ ಆದಿಲ್ ಶಾಹಿಗಳ ನಾಡು. ಬಿಜಾಪುರದಿಂದ ಪಶ್ಚಿಮದ ಬಂದರುಗಳಿಗೆ ಹೋಗುವ ವ್ಯಾಪಾರದ ದಾರಿಗಳು ಇಲ್ಲಿಂದಲೇ ಹಾಯ್ದಿದ್ದವು. 17ನೇ ಶತಮಾನದಲ್ಲಿ ರಾಯಬಾಗ ಕರಿಮೆಣಸಿನ ಪೇಟೆಯೆಂದು ಇಂಗ್ಲಿಷ್ ವ್ಯಾಪಾರಿಗಳಿಗೂ ಗೊತ್ತಿತ್ತು. ಹಕೀಮರ ಜವಾರಿಶಿಗೆ ಬೇಕಾದ ಮೆಣಸು ನಮ್ಮ ಬಾಗಿಲಲ್ಲೇ ಮಾರಾಟವಾಗುತ್ತಿತ್ತು ಎನ್ನಬಹುದು.

ಫಿರಿಶ್ತಾ ಎಂದರೆ ನಮಗೆಲ್ಲ ಅವರ ಇತಿಹಾಸ ಗ್ರಂಥವೇ ನೆನಪಾಗುತ್ತದೆ. ಅವರು ವೈದ್ಯವನ್ನೂ ಬಲ್ಲವರು ಎಂಬುದು ಕೆಲವರಿಗೇ ಗೊತ್ತು. 'ದಸ್ತೂರುಲ್ ಅತಿಬ್ಬಾ' ಎಂಬ ಅವರ ಪಾರ್ಸಿ ಗ್ರಂಥ 'ಇಖ್ತಿಯಾರಾತೆ ಕಾಸಿಮಿ' ಎಂಬ ಹೆಸರಿನಿಂದಲೂ ಪ್ರಸಿದ್ಧ. ಅದರಲ್ಲಿ ಅವರು ಭಾರತೀಯ ವೈದ್ಯಪದ್ಧತಿಯನ್ನು ಪಾರ್ಸಿ ಓದುಗರಿಗೆ ವಿವರಿಸಿದ್ದಾರೆ. ಇರಾನಿನ ಗ್ರಂಥಗಳಲ್ಲಿ ಹೇಳಿದ ಗಿಡಮೂಲಿಕೆ ಇಲ್ಲಿ ಸಿಗದು, ಇಲ್ಲಿಯ ಗಿಡಮೂಲಿಕೆಯ ಹೆಸರು ಅಲ್ಲಿಯವರಿಗೆ ತಿಳಿಯದು. ಈ ನೆಲದಲ್ಲಿ ಬದುಕುವವನು ಈ ನೆಲದ ಔಷಧವನ್ನೂ ಅದನ್ನು ಬಲ್ಲ ವೈದ್ಯರ ವಿದ್ಯೆಯನ್ನೂ ಕಲಿಯಬೇಕು ಎಂಬ ವಿವೇಕ ಆ ಗ್ರಂಥದ ಹಿಂದಿದೆ. ಒಬ್ಬ ಮುಸ್ಲಿಮ್ ವಿದ್ವಾಂಸ ಪಂಡಿತರ ಶಾಸ್ತ್ರವನ್ನು ಗೌರವದಿಂದ ಕಲಿತು ಬರೆದದ್ದು ನಮ್ಮದೇ ಬಿಜಾಪುರದಲ್ಲಿ. ಇಂದು ಚಿಕ್ಕೋಡಿಯ ಮನೆಯೊಂದರಲ್ಲಿ ಅಜವಾನ, ಇಂಗು, ಶುಂಠಿ, ಮಜ್ಜಿಗೆ ಒಂದೇ ಕಪಾಟಿನಲ್ಲಿ ಇರುವುದಕ್ಕೆ ಇಂಥ ಎಷ್ಟೋ ಜನರ ಶ್ರಮ ಕಾರಣ.

ಇಂಗು ಮತ್ತು ರಾಜನ ಕುದುರೆ

ಇಂಗಿನದೂ ಒಂದು ಕಥೆಯಿದೆ. ಅದು ಇರಾನ್, ಅಫಘಾನಿಸ್ತಾನದ ಕಡೆ ಬೆಳೆಯುವ ಗಿಡದ ಅಂಟು. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾ 1563ರಲ್ಲಿ ಅಲ್ಲಿಯೇ ಅಚ್ಚಾದ ತನ್ನ ಪುಸ್ತಕದಲ್ಲಿ ಇಂಗಿನ ಬಗ್ಗೆ ಬರೆದಿದ್ದಾನೆ. ಅಹ್ಮದ್‌ನಗರದ ನಿಝಾಮ್ ಶಾಹನಿಗೂ ಚಿಕಿತ್ಸೆ ಮಾಡಿದ್ದ ಈತ ಅಲ್ಲಿಯ ಹಕೀಮರ ಒಡನಾಟದಲ್ಲಿ ಬಹಳ ಕಲಿತವನು. ಭಾರತದವರು ಊಟದಲ್ಲೂ ಮದ್ದಿನಲ್ಲೂ ಇಂಗನ್ನು ಎಷ್ಟು ಬಳಸುತ್ತಾರೆ ಎಂದು ಬೆರಗಾಗುತ್ತಾನೆ.

ಅವನು ಹೇಳುವ ಪ್ರಸಂಗ ಸ್ವಾರಸ್ಯವಾಗಿದೆ. ವಿಜಯನಗರದಲ್ಲಿ ಪೋರ್ಚುಗೀಸನೊಬ್ಬನ ಬಳಿ ಬೆಲೆಬಾಳುವ ಕುದುರೆ ಇತ್ತು. ಅದಕ್ಕೆ ಹೊಟ್ಟೆಯುಬ್ಬರ, ವಾಯು. ಹೀಗಾಗಿ ರಾಜ ಕೊಳ್ಳಲಿಲ್ಲ. ಒಡೆಯ ಹಿಟ್ಟಿನಲ್ಲಿ ಇಂಗು ಕಲಸಿ ತಿನ್ನಿಸಿ ವಾಸಿ ಮಾಡಿದ. ಆಮೇಲೆ ರಾಜನೇ ಆ ಕುದುರೆಯನ್ನು ಕೊಂಡ. ಹೇಗೆ ವಾಸಿಯಾಯಿತೆಂದು ಕೇಳಿದಾಗ ಇಂಗೆಂದು ಉತ್ತರ ಬಂತು. ಅದು ದೇವತೆಗಳ ಆಹಾರ, ವಾಸಿಯಾಗದೆ ಇರುತ್ತದೆಯೇ ಎಂದ ರಾಜ. ಇಂಗಿನ ವಾಸನೆ ತಡೆಯಲಾಗದ ಪೋರ್ಚುಗೀಸ, ಸೈತಾನರ ಆಹಾರ ಎಂದರೆ ಸರಿಯಾದೀತು ಎಂದು ತನ್ನ ಭಾಷೆಯಲ್ಲಿ ಮೆಲ್ಲಗೆ ಗೊಣಗಿದನಂತೆ!

ಕುದುರೆಗೆ ಗುಣವಾದದ್ದು ಮನುಷ್ಯನಿಗೂ ಗುಣವಾಗುತ್ತದೆಯೇ ಎಂದು ಕೇಳಬಹುದು. ಕಡಲೆಕಾಯಿಯಷ್ಟಲ್ಲ, ಸಾಸಿವೆಯಷ್ಟು ಇಂಗು ಮಜ್ಜಿಗೆಗೆ ಹಾಕಿದರೆ ಸಾಕು. ದಾದಿಯ ಕೈಯಳತೆ ಅದೇ.

ಔಷಧವೆಂದು ಬಂದ ತಂಬಾಕು

ಎಲ್ಲವೂ ಇಂಗಿನ ಹಾಗೆ ಒಳ್ಳೆಯದಾಗಿ ಬರಲಿಲ್ಲ. ನಿಪ್ಪಾಣಿಯ ಓದುಗರು ಈ ಭಾಗವನ್ನು ಗಮನವಿಟ್ಟು ಓದಬೇಕು.

ಅಕ್ಬರ್ ಬಾದಶಾಹನ ದೂತ ಅಸದ್ ಬೇಗ್ 1604ರ ಹೊತ್ತಿಗೆ ಬಿಜಾಪುರಕ್ಕೆ ಬಂದಿದ್ದ. ಇಲ್ಲಿ ಅವನು ಹಿಂದೆಂದೂ ಕಾಣದ ತಂಬಾಕನ್ನು ಕಂಡ. ಪೋರ್ಚುಗೀಸರ ಮೂಲಕ ಅದು ದಖ್ಖನಿಗೆ ಬಂದಿತ್ತು. ರತ್ನ ಕೂರಿಸಿದ ಚಿಲುಮೆಯೊಂದನ್ನು ಸಿದ್ಧಮಾಡಿಸಿ, ತಂಬಾಕಿನ ಜೊತೆ ಆಗ್ರಾಕ್ಕೆ ಒಯ್ದು ಬಾದಶಾಹನ ಮುಂದಿಟ್ಟ. ಇದೇನೆಂದು ಅಕ್ಬರ್ ಕೇಳಿದಾಗ, ಇದೊಂದು ಔಷಧವೆಂದೇ ಹೇಳಲಾಯಿತು. ಬಾದಶಾಹ ಒಂದೆರಡು ದಮ್ಮು ಎಳೆದ. ಆಸ್ಥಾನದ ಹಕೀಮರು ತಡೆದರು. ಇದು ಪರೀಕ್ಷೆಯಾಗದ ವಸ್ತು, ನಮ್ಮ ವೈದ್ಯರು ಇದರ ಬಗ್ಗೆ ಏನೂ ಬರೆದಿಲ್ಲ, ಅಂಥದ್ದನ್ನು ಬಾದಶಾಹರಿಗೆ ಹೇಗೆ ಹೇಳುವುದು ಎಂಬುದು ಅವರ ವಾದ. ಎಲ್ಲವೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲ ಎಂದು ಅಸದ್ ಬೇಗ್ ತಿರುಗಿ ವಾದಿಸಿದ. ಅವನ ಮಾತಿನ ಜಾಣ್ಮೆಯನ್ನು ಬಾದಶಾಹ ಮೆಚ್ಚಿದ. ಆದರೂ ತಾನು ಮಾತ್ರ ಆ ಅಭ್ಯಾಸ ಹಿಡಿಯಲಿಲ್ಲ. ಅಮೀರರು ಹಿಡಿದರು, ವ್ಯಾಪಾರಿಗಳು ತರಿಸತೊಡಗಿದರು. 1617ರಲ್ಲಿ ಜಹಾಂಗೀರ್ ನಿಷೇಧಿಸಿದರೂ ತಂಬಾಕು ನಿಲ್ಲಲಿಲ್ಲ.

ಹಕೀಮರ ಮಾತು ಎಷ್ಟು ನಿಜವಾಗಿತ್ತೆಂದು ತಿಳಿಯಲು ಲೋಕಕ್ಕೆ ಮೂರೂವರೆ ಶತಮಾನ ಬೇಕಾಯಿತು. ಮುಂದೆ ನಿಪ್ಪಾಣಿ ತಂಬಾಕಿನ ದೊಡ್ಡ ಪೇಟೆಯಾಗಿ ಬೆಳೆಯಿತು. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ತಾಯಂದಿರು ನಮ್ಮಲ್ಲಿ ಎಷ್ಟೋ ಮಂದಿ. ಅವರ ದುಡಿಮೆಗೆ ನಾವು ತಲೆಬಾಗುತ್ತೇವೆ. ಆದರೆ ತಂಬಾಕು 'ಔಷಧ' ಎಂಬ ಆ ಹಳೆಯ ಸುಳ್ಳು ಇನ್ನೂ ನಮ್ಮ ಮನೆಗಳಲ್ಲಿ ಉಳಿದಿದೆ. "ಮಿಶ್ರಿ ಹಚ್ಚದಿದ್ದರೆ ಹೊಟ್ಟೆ ಸಾಫ್ ಆಗುವುದಿಲ್ಲ" ಎನ್ನುವ ಅಕ್ಕಂದಿರು, "ಒಂದು ಬೀಡಿ ಸೇದಿದರೇ ಮೋಶನ್" ಎನ್ನುವ ಚಾಚಾಗಳು ಯಾವ ಓಣಿಯಲ್ಲಿಲ್ಲ? ತಂಬಾಕಿನ ನಿಕೋಟಿನ್ ಕರುಳನ್ನು ಕೆರಳಿಸುವುದು ನಿಜ. ಆದರೆ ಅದು ಚಾವಟಿಯೇಟಿಗೆ ಎತ್ತು ಓಡಿದ ಹಾಗೆ. ಅದಕ್ಕೆ ತೆರುವ ಬೆಲೆ ಬಾಯಿಯ ಕ್ಯಾನ್ಸರ್, ಜಠರದ ಹುಣ್ಣು, ಹೃದಯದ ಕಾಯಿಲೆ. ಅದೇ ಕೆಲಸಕ್ಕೆ ರಾತ್ರಿ ಒಂದು ಚಮಚ ಇಸಬ್‌ಗೋಲ್, ಒಂದು ದೊಡ್ಡ ಲೋಟ ನೀರು, ದಿನದ ಊಟದಲ್ಲಿ ಸೊಪ್ಪು, ಕಾಳು ಸಾಕು.

ದೊಡ್ಡಪತ್ರೆಯಿಂದ ಓಆರ್‌ಎಸ್‌ವರೆಗೆ

ಇನ್ನು ಭೇದಿಯ ವಿಷಯ. ಹೊಟ್ಟೆಯ ಕಾಯಿಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಇದರಷ್ಟು ಅಪಾಯ ಮತ್ತೊಂದರಿಂದಿಲ್ಲ. 1817ರಲ್ಲಿ ಬಂಗಾಳದ ಕಡೆ ಎದ್ದ ಕಾಲರಾ ಮರುವರ್ಷವೇ ದಖ್ಖನ್ ದಾಟಿ ಮುಂಬಯಿ ಮುಟ್ಟಿತು. ಆಮೇಲೆ ನೂರು ವರ್ಷಕ್ಕೂ ಮಿಕ್ಕಿ ಜಾತ್ರೆ, ಬರಗಾಲ, ಸೈನ್ಯದ ದಾರಿ ಹಿಡಿದು ಅದು ಮತ್ತೆ ಮತ್ತೆ ಬಂತು. ಆಗ ಎಷ್ಟೋ ಕಡೆ ಭೇದಿಯಾದವರಿಗೆ ನೀರು ಕೊಡಬಾರದು ಎಂಬ ನಂಬಿಕೆ ಇತ್ತು. ದುರದೃಷ್ಟವೆಂದರೆ ಅದು ಇನ್ನೂ ಪೂರ್ತಿ ಹೋಗಿಲ್ಲ. "ನೀರು ಕುಡಿದರೆ ಇನ್ನೂ ಹೋಗುತ್ತದೆ" ಎಂದು ಮಗುವಿಗೆ ನೀರು, ಹಾಲು ನಿಲ್ಲಿಸುವುದನ್ನು ನಾವೇ ಕಂಡಿದ್ದೇವೆ. ಮಗು ಸಾಯುವುದು ಭೇದಿಯಿಂದಲ್ಲ, ಮೈಯಲ್ಲಿನ ನೀರು ಮತ್ತು ಉಪ್ಪು ಆರಿ ಹೋಗುವುದರಿಂದ.

ಇದಕ್ಕೆ ಉತ್ತರ ಹುಡುಕಿದವರಲ್ಲಿ ಕಲಕತ್ತೆಯ ವೈದ್ಯ ಹೇಮೇಂದ್ರನಾಥ ಚಟರ್ಜಿ ಒಬ್ಬರು. ಕಾಲರಾ ರೋಗಿಗಳಿಗೆ ಬಾಯಿಯ ಮೂಲಕವೇ ಉಪ್ಪು, ಗ್ಲುಕೋಸ್ ಬೆರೆಸಿದ ನೀರು ಕೊಟ್ಟು ವಾಸಿ ಮಾಡಿದ ಅನುಭವವನ್ನು ಅವರು 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರ ಜೊತೆ ಅವರು ಕೊಟ್ಟದ್ದು ಒಂದು ಎಲೆಯ ರಸ. ಯಾವ ಎಲೆ? ನಮ್ಮ ಹಿತ್ತಲಿನ ಕುಂಡದಲ್ಲಿರುವ, ಅಜವಾನದ ವಾಸನೆಯ ದೊಡ್ಡಪತ್ರೆ!

1971ರಲ್ಲಿ ಬಾಂಗ್ಲಾದೇಶ ಯುದ್ಧದ ನಿರಾಶ್ರಿತರು ಗಡಿ ದಾಟಿ ಬಂದಾಗ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ಸಲೈನ್ ಬಾಟಲಿಗಳು ಮುಗಿದವು. ಡಾ. ದಿಲೀಪ್ ಮಹಾಲನೋಬಿಸ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲುಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ, ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ ಇಪ್ಪತ್ತು, ಮೂವತ್ತರಷ್ಟಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಔಷಧ ಹಿಡಿದದ್ದು ತಾಯಂದಿರ ಕೈ. ಇಂದು ಆಶಾ ಕಾರ್ಯಕರ್ತೆಯರು ಮನೆಗೆ ತಂದುಕೊಡುವ ಓಆರ್‌ಎಸ್ ಪ್ಯಾಕೆಟ್ಟಿನ ಹಿಂದೆ ಈ ಚರಿತ್ರೆಯಿದೆ.

ಇದನ್ನು ನಾವು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಓಆರ್‌ಎಸ್ ಹೊರಗಿನವರ ಔಷಧ, ಅಜವಾನ ನಮ್ಮ ಔಷಧ ಎಂಬ ಭೇದ ಸರಿಯಲ್ಲ. ಎರಡೂ ಅಡುಗೆಮನೆಯ ವಸ್ತುಗಳಿಂದಲೇ ಆದವು. ಒಂದೇ ವ್ಯತ್ಯಾಸ, ಓಆರ್‌ಎಸ್‌ಗೆ ಅಳತೆ ಮತ್ತು ಮಿತಿ ಗೊತ್ತುಮಾಡಲಾಗಿದೆ.

ಮದ್ದು ಎಲ್ಲಿಯವರೆಗೆ?

ಚರಿತ್ರೆಯಿಂದ ಮನೆಗೆ ಬರೋಣ. ಊಟ ಹೆಚ್ಚಾಗಿ ಹೊಟ್ಟೆ ಉಬ್ಬರಿಸಿದರೆ ಕಾಲು ಚಮಚ ಅಜವಾನ ಅಗಿದು ಬಿಸಿನೀರು ಕುಡಿಯಬಹುದು. ಅಜವಾನದಲ್ಲಿ ಥೈಮಾಲ್ ಎಂಬ ಅಂಶವಿದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಜರ್ಮನಿಯವರು ನಮ್ಮ ದೇಶದ ಅಜವಾನ ಕೊಂಡೊಯ್ದು, ಥೈಮಾಲ್ ತೆಗೆದು, ಕೊಕ್ಕೆಹುಳುವಿನ ಔಷಧವೆಂದು ಮಾರುತ್ತಿದ್ದರು. ಬಿಪಿ ಇರುವವರು ಉಪ್ಪು ಸೇರಿಸದೆ ತಿನ್ನಬೇಕು. ಊಟದ ಮೇಲೆ ಬಡೇಸೋಪು, ಜೀರಿಗೆ ಕುದಿಸಿದ ನೀರು, ಶುಂಠಿ ಹಾಕಿದ ಮಜ್ಜಿಗೆ ಒಳ್ಳೆಯವು. ವಾಕರಿಕೆಗೆ ಶುಂಠಿ ನೆರವಾಗುತ್ತದೆ ಎಂಬುದನ್ನು ಇಂದಿನ ಸಂಶೋಧನೆಗಳೂ ಒಪ್ಪುತ್ತವೆ. ಇಸಬ್‌ಗೋಲನ್ನು ಒಣದಾಗಿ ನುಂಗಬಾರದು. ಬೇರೆ ಮಾತ್ರೆಗಳಿದ್ದರೆ ಎರಡು ಗಂಟೆಯಾದರೂ ಅಂತರವಿರಲಿ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು, ಗರ್ಭಿಣಿಯರು ಇಂಗು, ಶುಂಠಿ, ಅಜವಾನವನ್ನು ಅಡುಗೆಯ ಪ್ರಮಾಣಕ್ಕಿಂತ ಹೆಚ್ಚು ಬಳಸುವ ಮುಂಚೆ ವೈದ್ಯರನ್ನು ಕೇಳಬೇಕು. ಸೋಡಾವನ್ನು ದಿನವೂ ಕುಡಿಯುವ ಚಟ ಬೇಡ.

ಆರು ತಿಂಗಳೊಳಗಿನ ಮಗುವಿಗೆ ತಾಯಿಯ ಹಾಲಲ್ಲದೆ ಗುಟ್ಟಿ, ಬಜೆ, ಅಜವಾನದ ನೀರು ಯಾವುದೂ ಬೇಡ. ಜೇನಿನಲ್ಲಿ ಶಿಫಾ ಇದೆ ಎಂಬುದು ನಮ್ಮ ವಿಶ್ವಾಸ. ಆದರೆ ಒಂದು ವರ್ಷ ತುಂಬದ ಮಗುವಿನ ಕರುಳು ಅದಕ್ಕೆ ಸಿದ್ಧವಾಗಿರುವುದಿಲ್ಲ, ಕೊಟ್ಟರೆ ಬೊಟುಲಿಸಮ್ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಭೇದಿಯಾದ ಮಗುವಿಗೆ ಓಆರ್‌ಎಸ್ ಕೊಡುತ್ತಲೇ ಇರಬೇಕು, ಎದೆಹಾಲು ನಿಲ್ಲಿಸಬಾರದು. ವೈದ್ಯರು ಹೇಳಿದಂತೆ ಝಿಂಕ್ ಮಾತ್ರೆಯನ್ನು 14 ದಿನ ಕೊಡಬೇಕು. ಪ್ಯಾಕೆಟ್ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟ ಮಾಡಿದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಅಳತೆ ತಪ್ಪಬಾರದು.

ಮೊಣಕಾಲು ನೋವಿಗೆ, ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ಖಾಲಿ ಹೊಟ್ಟೆಯಲ್ಲಿ ನುಂಗುವವರು ನಮ್ಮಲ್ಲಿ ಬಹಳ. ಕಬ್ಬು ಕಡಿಯುವವರು, ಬೀಡಿ ಕಟ್ಟುವವರು ಇದನ್ನು ಗಮನಿಸಬೇಕು. ಆ ಮಾತ್ರೆಗಳೇ ಜಠರದಲ್ಲಿ ಹುಣ್ಣು ಮಾಡುತ್ತವೆ. ಇನ್ನು ಕೆಲವರ ಹುಣ್ಣಿಗೆ ಒಂದು ಬಗೆಯ ಬ್ಯಾಕ್ಟೀರಿಯಾ ಕಾರಣವೆಂದು ತೋರಿಸಿದ ಆಸ್ಟ್ರೇಲಿಯಾದ ಇಬ್ಬರು ವೈದ್ಯರಿಗೆ 2005ರಲ್ಲಿ ನೊಬೆಲ್ ಬಂತು. ಅಂಥ ಹುಣ್ಣನ್ನು ವೈದ್ಯರ ಔಷಧದಿಂದ ಪೂರ್ತಿ ವಾಸಿ ಮಾಡಬಹುದು. ವರ್ಷಗಟ್ಟಲೆ ಸೋಡಾ ಕುಡಿದು ಸಹಿಸುವ ಅಗತ್ಯವಿಲ್ಲ.

ಈ ಲಕ್ಷಣಗಳು ಕಂಡರೆ ಮನೆಮದ್ದಿನ ಕೆಲಸ ಅಲ್ಲಿಗೆ ಮುಗಿಯಿತೆಂದು ತಿಳಿಯಬೇಕು:

ಎದೆಯಲ್ಲಿ ಬಿಗಿತ ಅಥವಾ ಉರಿಯ ಜೊತೆ ಬೆವರು, ಉಸಿರು ಸಿಕ್ಕಿಕೊಳ್ಳುವುದು, ನೋವು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುವುದು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ನೋವು ಸ್ಪಷ್ಟವಾಗಿ ಇರದೆಯೂ ಇರಬಹುದು.

ಮಲದಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ರಕ್ತವಾಂತಿ, ತಡೆಯಲಾಗದ ಹೊಟ್ಟೆನೋವು, ಬಿಡದ ಜ್ವರ.

ಮಗುವಿನ ಕಣ್ಣು ಒಳಗೆ ಇಳಿಯುವುದು, ಮೂತ್ರ ಕಡಿಮೆಯಾಗುವುದು, ಮಂಕಾಗಿ ಮಲಗುವುದು, ಕುಡಿದದ್ದೆಲ್ಲ ವಾಂತಿಯಾಗುವುದು.

ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟವಾಗುವುದು, ವಾರಗಟ್ಟಲೆ ಹೋಗದ ಅಜೀರ್ಣ.

ಮೊದಲಿನ ಲಕ್ಷಣ ಕಂಡ ಕ್ಷಣವೇ 108ಕ್ಕೆ ಕರೆ ಮಾಡಬೇಕು. "ಬೆಳಗಾಗಲಿ ನೋಡೋಣ" ಎನ್ನಬಾರದು. ಉಳಿದವುಗಳಲ್ಲೂ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಅಮಾನತು

ನಮ್ಮ ಸೀಮೆಗೆ ವೈದ್ಯ ಎಲ್ಲ ದಿಕ್ಕಿನಿಂದ ಬಂತು. ಬಿಜಾಪುರದ ಹಕೀಮರು, ಊರಿನ ಪಂಡಿತರು, 1894ರಲ್ಲಿ ಮಿರಜಿನಲ್ಲಿ ಮಿಶನ್ ಆಸ್ಪತ್ರೆ ತೆರೆದ ಡಾ. ವಾನ್‌ಲೆಸ್, ಎಲ್ಲರ ಕೈಗುಣವನ್ನೂ ನಮ್ಮ ಅಜ್ಜ-ಅಜ್ಜಿಯರು ಪಡೆದರು. ಇಂದು ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ ಗಿಡಮೂಲಿಕೆಗಳ ಮೇಲೆ ಸಂಶೋಧನೆ ನಡೆಸುತ್ತಿದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯಿದೆ. ಫಿರಿಶ್ತಾರ ಕೆಲಸ ಇನ್ನೊಂದು ರೀತಿಯಲ್ಲಿ ಮುಂದುವರಿದಿದೆ. ಹಕೀಮರ ಬಳಿ ಹೋಗುವವರು ಅವರು ಬಿಯುಎಂಎಸ್ ಓದಿ ನೋಂದಣಿ ಪಡೆದವರೇ ಎಂದು ಕೇಳಿ ತಿಳಿದೇ ಹೋಗಬೇಕು. ಹಾಗೆ ಕೇಳುವುದು ಅಗೌರವವಲ್ಲ.

ದೇಹ ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತು. ಅದಕ್ಕೆ ನಮ್ಮ ಮೇಲೆ ಹಕ್ಕಿದೆ. ದಾದಿಯ ಅಜವಾನದ ಡಬ್ಬಿಯನ್ನು ಯಾರೂ ಎಸೆಯಬೇಕಿಲ್ಲ. ಆದರೆ ಈ ಶುಕ್ರವಾರ ಜುಮಾ ಮುಗಿಸಿ ಮನೆಗೆ ಬಂದ ಮೇಲೆ ಒಂದು ಕೆಲಸ ಮಾಡೋಣ. ಆ ಡಬ್ಬಿಯ ಪಕ್ಕದಲ್ಲಿ ಎರಡು ಓಆರ್‌ಎಸ್ ಪ್ಯಾಕೆಟ್ ಇಡೋಣ. ಡಬ್ಬಿಯ ಮುಚ್ಚಳದ ಮೇಲೆ ದೊಡ್ಡ ಅಕ್ಷರದಲ್ಲಿ 108 ಎಂದು ಬರೆದು ಅಂಟಿಸೋಣ. ಹಬ್ಬದ ರಾತ್ರಿ ಅಜವಾನಕ್ಕೆ ಕೈ ಚಾಚಿದವರ ಕಣ್ಣಿಗೆ ಅದೂ ಬೀಳಲಿ.

ಅಗಲಿದ ನಮ್ಮ ಆ ಹಿರಿಯರಿಗೆ ಅಲ್ಲಾಹನು ಮಗ್‌ಫಿರತ್ ದಯಪಾಲಿಸಲಿ. ನಮ್ಮೆಲ್ಲರಿಗೂ ಆರೋಗ್ಯವನ್ನೂ, ಆರೋಗ್ಯ ಕಾಪಾಡುವ ವಿವೇಕವನ್ನೂ ಕೊಡಲಿ. ಆಮೀನ್.